ಭುಜದ ಕೀಲು ಬದಲಾವಣೆ: ಮೊದಲ ರಾತ್ರಿಯ ನೋವಿಗೆ ತಯಾರಾಗುವುದು ಹೇಗೆ?

ಭುಜದ ಕೀಲು ಬದಲಿಸುವ ಆಪರೇಷನ್ ನಿಗದಿಯಾದರೆ ಎಲ್ಲರೂ ಹೊಸ ಕೀಲಿನ ಬಗ್ಗೆಯೇ ಕೇಳುತ್ತಾರೆ. ಎಷ್ಟು ವರ್ಷ ಬಾಳಿಕೆ ಬರುತ್ತೆ, ಕೈ ಎಷ್ಟು ಮೇಲೆತ್ತಬಹುದು ಅಂತ. ನೋವಿನ ಮಾತು ಬಂದರೆ ‘ಇಂಜೆಕ್ಷನ್ ಕೊಡ್ತಾರೆ ಬಿಡಿ’ ಎಂದು ಸುಮ್ಮನಾಗುತ್ತಾರೆ. ಆ ಇಂಜೆಕ್ಷನ್ ನಿಜಕ್ಕೂ ಒಳ್ಳೆಯದೇ. ಆದರೆ ಅದರ ಮದ್ದು ಇಳಿಯುವ ಹೊತ್ತಿಗೆ ರೋಗಿ ತಯಾರಾಗಿರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಮೊದಲು ಅರಿವಳಿಕೆ ತಜ್ಞರ ಹತ್ತಿರ ಎಲ್ಲ ಹೇಳಿ

ಭುಜಕ್ಕೆ ಹೋಗುವ ನರಗಳು ಕುತ್ತಿಗೆಯ ಬೆನ್ನೆಲುಬಿನಿಂದ ಹೊರಟು, ಕುತ್ತಿಗೆಯ ಪಕ್ಕದ ಎರಡು ಸ್ನಾಯುಗಳ ನಡುವೆ ಹಾದು ಬರುತ್ತವೆ. ಅಲ್ಲಿಯೇ ಮದ್ದು ಕೊಟ್ಟು ಭುಜವನ್ನು ಮರಗಟ್ಟಿಸುತ್ತಾರೆ. ಇದನ್ನೇ ನರ್ವ್ ಬ್ಲಾಕ್ ಅನ್ನುವುದು. ಆದರೆ ಅದೇ ಜಾಗದ ಪಕ್ಕದಲ್ಲಿ ಇನ್ನೊಂದು ನರವಿದೆ. ಉಸಿರಾಟಕ್ಕೆ ಬೇಕಾದ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಆಡಿಸುವುದು ಅದು. ಮಾಮೂಲಿ ಪ್ರಮಾಣದ ಮದ್ದು ಕೊಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಆ ಬದಿಯ ವಪೆ ಕೆಲವು ಗಂಟೆ ಕೆಲಸ ನಿಲ್ಲಿಸುತ್ತದೆ. ಶ್ವಾಸಕೋಶ ಗಟ್ಟಿಯಿದ್ದವರಿಗೆ ಇದು ಗೊತ್ತೂ ಆಗುವುದಿಲ್ಲ. ಉಸಿರಾಟದ ಕಾಯಿಲೆ ಜಾಸ್ತಿ ಇದ್ದವರಿಗೆ ಮಾತ್ರ ಅಪಾಯ.

ಅದಕ್ಕೇ ಆಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ), ಮಲಗಿದಾಗ ಏದುಸಿರು, ಹಳೆಯ ಕ್ಷಯ ಏನೇ ಇರಲಿ, ಮುಚ್ಚಿಡಬೇಡಿ. ಅಂಥವರಿಗೆ ಮದ್ದು ಕಡಿಮೆ ಮಾಡಬಹುದು. ಇಲ್ಲವೇ ಕುತ್ತಿಗೆ ಬಿಟ್ಟು ಭುಜದ ಹಿಂದಿನ ಮತ್ತು ಕಂಕುಳ ಹತ್ತಿರದ ನರಗಳಿಗೆ ಬೇರೆಯಾಗಿ ಬ್ಲಾಕ್ ಕೊಡಬಹುದು. ನಿಮ್ಮ ಮಟ್ಟಿಗೆ ಯಾವುದು ಸರಿ ಎಂದು ನೇರವಾಗಿ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಕೈಯಲ್ಲಿ ಮೊದಲೇ ಇರುವ ಜೋಮು, ಔಷಧಿಯ ಅಲರ್ಜಿ, ಇವನ್ನೂ ಹೇಳಿ.

ಬ್ಲಾಕ್ ಕೊಡುವಾಗ

ಸಾಮಾನ್ಯವಾಗಿ ಎಚ್ಚರ ಇರುವಾಗಲೇ, ಇಲ್ಲವೇ ಸ್ವಲ್ಪ ಮಂಪರು ಬರಿಸಿ ಕೊಡುತ್ತಾರೆ. ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿ, ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಇಡುತ್ತಾರೆ. ಪರದೆ ಮೇಲೆ ನರಗಳು ಒಂದರ ಕೆಳಗೊಂದು ಕಪ್ಪು ಗುಂಡು ಚುಕ್ಕಿಗಳಾಗಿ, ಟ್ರಾಫಿಕ್ ಸಿಗ್ನಲ್ ದೀಪಗಳ ಹಾಗೆ ಕಾಣುತ್ತವೆ. ಸೂಜಿಯ ತುದಿ ಎಲ್ಲಿದೆ, ಮದ್ದು ಎಲ್ಲಿ ಹರಡುತ್ತಿದೆ ಎಂದು ವೈದ್ಯರು ನೋಡುತ್ತಲೇ ಇರುತ್ತಾರೆ.

ಈ ಹೊತ್ತಿನಲ್ಲಿ ನಿಮ್ಮ ಕೆಲಸ ಒಂದೇ: ಬಾಯಿಬಿಟ್ಟು ಹೇಳುವುದು. ಕೈಗೆ ಚಳುಕು ಹೊಡೆದರೆ, ಕಿವಿ ಗುಂಯ್ ಎಂದರೆ, ಬಾಯಿಗೆ ಲೋಹದ ರುಚಿ ಬಂದರೆ ಆ ಕ್ಷಣವೇ ಹೇಳಿ. ಚಳುಕು ಎಂದರೆ ಸೂಜಿ ನರಕ್ಕೆ ತಾಗಿರಬಹುದು; ಉಳಿದೆರಡು ಮದ್ದು ರಕ್ತಕ್ಕೆ ಸೇರುತ್ತಿರುವ ಸೂಚನೆ ಇರಬಹುದು.

ಹದಿನೈದು ಇಪ್ಪತ್ತು ನಿಮಿಷದಲ್ಲಿ ತೋಳು ಭಾರವಾಗುತ್ತದೆ. ಕಿರುಬೆರಳಿಗೆ ಸ್ವಲ್ಪ ಸ್ಪರ್ಶ ಉಳಿಯಬಹುದು, ಅದಕ್ಕೆ ಹೋಗುವ ನರ ಇನ್ನೂ ಕೆಳಗಿದೆ. ಬ್ಲಾಕ್ ಹಿಡಿದಿಲ್ಲ ಎಂದು ಗಾಬರಿ ಬೇಡ. ಇದಾದ ಮೇಲೆ ಹೆಚ್ಚಿನವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್ ಮಾಡುತ್ತಾರೆ.

ಎದ್ದ ಮೇಲೆ

ಕೈ ನಿಮ್ಮದೇ ಅಲ್ಲ ಅನ್ನಿಸುತ್ತದೆ. ಆ ಬದಿಯ ಕಣ್ಣಿನ ರೆಪ್ಪೆ ಜೋಲಬಹುದು, ದನಿ ಗೊಗ್ಗರಾಗಬಹುದು. ಮದ್ದು ಇಳಿದಂತೆ ಎರಡೂ ಸರಿಹೋಗುತ್ತವೆ. ಉಸಿರು ನಿಜಕ್ಕೂ ಕಟ್ಟಿದಂತಾದರೆ ಮಾತ್ರ ಕಾಯಬೇಡಿ, ನರ್ಸ್‌ಗೆ ತಕ್ಷಣ ಹೇಳಿ.

ಮರಗಟ್ಟಿದ ಕೈಗೆ ಬಿಸಿ, ಒತ್ತಡ ಯಾವುದೂ ತಿಳಿಯುವುದಿಲ್ಲ. ಕೈಯನ್ನು ಕುತ್ತಿಗೆಗೆ ತೂಗುಹಾಕಿದ ಪಟ್ಟಿ (ಸ್ಲಿಂಗ್) ಬಿಚ್ಚಬೇಡಿ. ಮೊಣಕೈ ಕೆಳಗೆ ಮೆತ್ತನೆಯ ದಿಂಬಿಡಿ. ಬಿಸಿನೀರಿನ ಚೀಲ ಹತ್ತಿರವೂ ಬೇಡ. ಐಸ್ ಪ್ಯಾಕ್ ಇಟ್ಟರೆ ನಡುವೆ ಬಟ್ಟೆ ಇರಲಿ, ಮನೆಯವರು ಆಗಾಗ ಚರ್ಮ ನೋಡುತ್ತಿರಲಿ.

ರಾತ್ರಿಯ ಲೆಕ್ಕ

ಒಂದೇ ಇಂಜೆಕ್ಷನ್‌ನ ಬ್ಲಾಕ್ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ. ಬೆಳಿಗ್ಗೆ 9ಕ್ಕೆ ಕೊಟ್ಟಿದ್ದರೆ ರಾತ್ರಿ 9ರಿಂದ ನಸುಕಿನ 3ರ ಒಳಗೆ ಇಳಿಯುತ್ತದೆ. ಮನೆಯೆಲ್ಲ ಮಲಗಿರುವ ಹೊತ್ತು, ಅಲ್ವಾ? ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ನುಗ್ಗುತ್ತದೆ. ಸಂಜೆ ಆರಾಮಾಗಿದ್ದ ರೋಗಿ ‘ನೋವೇ ಇಲ್ಲ, ಮಾತ್ರೆ ಯಾಕೆ’ ಎಂದು ಬಿಟ್ಟಿರುತ್ತಾನೆ. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾದ ಸಂಕಟ ಇದು.

ಕೈ ಇನ್ನೂ ಮರಗಟ್ಟಿರುವಾಗಲೇ, ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ಮತ್ತು ಉರಿಯೂತದ ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಿ. ನೋವು ಬರಲಿ ಎಂದು ಕಾಯಬೇಡಿ. ಮಧ್ಯರಾತ್ರಿಯ ಡೋಸ್‌ಗೆ ಅಲಾರಂ ಇಡಿ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರಿಗೆ ಉರಿಯೂತದ ಮಾತ್ರೆ ಆಗುವುದಿಲ್ಲ, ಮೊದಲೇ ತಿಳಿಸಿ. ಹಲವು ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗಬೇಡಿ.

ಬೆರಳಲ್ಲಿ ಜುಮುಜುಮು ಶುರುವಾದರೆ ಬ್ಲಾಕ್ ಇಳಿಯುತ್ತಿದೆ ಎಂದರ್ಥ. ಜೋರು ನೋವಿಗೆಂದು ಕೊಟ್ಟ ಮಾತ್ರೆ ಇದ್ದರೆ, ಹೇಳಿದ ಪ್ರಮಾಣದಲ್ಲಿ ಆಗಲೇ ತೆಗೆದುಕೊಳ್ಳಿ. ಅದರಿಂದ ಮಂಪರು, ಮಲಬದ್ಧತೆ ಬರಬಹುದು. ಮದ್ಯ ಜೊತೆಗೆ ಬೇಡವೇ ಬೇಡ. ಚಪ್ಪಟೆ ಮಲಗುವ ಬದಲು ದಿಂಬುಗಳಿಗೆ ಒರಗಿ ಮಲಗಿದರೆ ಭುಜಕ್ಕೂ ಉಸಿರಿಗೂ ಹಿತ.

ಕೆಲವರಿಗೆ ನರದ ಹತ್ತಿರ ಸಣ್ಣ ಕೊಳವೆ ಬಿಟ್ಟು, ಪಂಪ್‌ನಿಂದ ಎರಡು ಮೂರು ದಿನ ಮದ್ದು ಹರಿಸುತ್ತಾರೆ. ಅವರಿಗೂ ಲೆಕ್ಕ ಇದೇ, ಕೊಳವೆ ತೆಗೆಯುವ ದಿನಕ್ಕೆ ಮುಂದೆ ಹೋಗುತ್ತದೆ ಅಷ್ಟೆ.

ಒಂದೇ ಇಂಜೆಕ್ಷನ್ ಪಡೆದವರಿಗೆ ಎರಡು ದಿನವಾದರೂ ಮರಗಟ್ಟುವಿಕೆ ಹೋಗದಿದ್ದರೆ, ಬೆರಳು ನೀಲಿಗಟ್ಟಿದರೆ, ಎದೆನೋವು ಅಥವಾ ಉಸಿರಾಟದ ಕಷ್ಟ ಬಂದರೆ, ಜ್ವರ ಅಥವಾ ಕೀವು ಕಂಡರೆ ಆಸ್ಪತ್ರೆಗೆ ತಿಳಿಸಿ. ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಎಂದು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಂಡು ಹೊರಡಿ.