ನಡೆಯುತ್ತಾ ಲೆಕ್ಕ ಹೇಳಿಸುವುದು: ಎಂ.ಎಸ್. ಇರುವವರ ನಡಿಗೆಯನ್ನು ನಾನು ಅಳೆಯುವ ಬಗೆ

ಮಲ್ಟಿಪಲ್ ಸ್ಕ್ಲಿರೋಸಿಸ್ (ಎಂ.ಎಸ್.) ಇರುವ ಎಷ್ಟೋ ಜನ ಫಿಸಿಯೋಥೆರಪಿ ಕೋಣೆಯ ಸಮತಟ್ಟು ನೆಲದಲ್ಲಿ ಚೆನ್ನಾಗಿಯೇ ನಡೆದು ತೋರಿಸುತ್ತಾರೆ. ಅವರೇ ಮನೆಯವರೊಡನೆ ಮಾತಾಡುತ್ತಾ ತೋಟದ ಇಳಿಜಾರಿನಲ್ಲಿ ಬರುವಾಗ ಎಡವುತ್ತಾರೆ. ಈ ನರರೋಗದಲ್ಲಿ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮೈಲಿನ್ ಹೊದಿಕೆ ಹಾಳಾಗಿ ಸಂದೇಶ ನಿಧಾನವಾಗುತ್ತದೆ. ಉಳಿದವರು ಯೋಚಿಸದೆ ಇಡುವ ಹೆಜ್ಜೆಗೆ ಇವರು ಗಮನ ಕೊಡಬೇಕಾಗುತ್ತದೆ. ಆ ಗಮನವನ್ನೇ ಮಾತು, ಲೆಕ್ಕ, ನೆನಪು ಸಹ ಕೇಳುತ್ತವೆ. ಆದ್ದರಿಂದ ಬರೀ ನಡಿಗೆಯ ವೇಗ ಬರೆದಿಟ್ಟರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ನನಗೆ ಬೇಕಾಗುವುದು 14 ಮೀಟರ್ ನೇರ ಜಾಗ. ನಡುವಿನ 10 ಮೀಟರಿಗೆ ಗಡಿಯಾರ ಓಡಿಸುತ್ತೇನೆ. ಎರಡೂ ತುದಿಯ 2 ಮೀಟರ್ ವೇಗ ಹಿಡಿಯಲು ಮತ್ತು ಇಳಿಸಲು. ಕೊಡಗಿನ ಮನೆಗಳಲ್ಲಿ ಅಷ್ಟುದ್ದ ಸಮನೆಲ ಹುಡುಕಿದರೆ ಸಿಗುವುದು ಕಾಫಿ ಒಣಗಿಸುವ ಕಣ. ಆದರೆ ನೀರು ಹರಿದು ಹೋಗಲೆಂದು ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ, ಹಾಗಾಗಿ ಅಡ್ಡಕ್ಕೆ ನಡೆಸಬೇಕು, ಇಲ್ಲವೇ ಹೋಗುವಾಗ ಬರುವಾಗ ಎರಡನ್ನೂ ಅಳೆದು ಸರಾಸರಿ ತೆಗೆಯಬೇಕು. ಮಳೆಗಾಲದಲ್ಲಿ ಅಲ್ಲಿ ಪಾಚಿ, ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಹರಡಿರುತ್ತದೆ. ಆಗ ಜಗಲಿಯಲ್ಲೇ 25 ಅಡಿ, ಅಂದರೆ 7.62 ಮೀಟರ್, ಅಳೆದುಕೊಳ್ಳುತ್ತೇನೆ. ಒಮ್ಮೆ ಆರಿಸಿದ ದೂರವನ್ನು ಮುಂದೆ ಬದಲಿಸಬಾರದು.

ಮೊದಲು ಕುರ್ಚಿಯಲ್ಲಿ ಕೂರಿಸಿ, 90ರ ಆಸುಪಾಸಿನ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹೋಗಲು ಹೇಳಿ 30 ಸೆಕೆಂಡಿನ ಸರಿ ಉತ್ತರಗಳನ್ನು ಎಣಿಸುತ್ತೇನೆ. ಅನೇಕರು ಇದನ್ನು ಬಿಟ್ಟು ನೇರ ನಡೆಸಲು ಹೋಗುತ್ತಾರೆ. ಕೂತಾಗಲೇ ಲೆಕ್ಕ ತಡವರಿಸುವವರಿಗೆ ನಡಿಗೆಯಿಂದ ಕೆಟ್ಟದ್ದೆಷ್ಟು ಎಂದು ಆಮೇಲೆ ಹೇಳಲಾಗದು. ಎರಡನೆಯದು ಬರೀ ನಡಿಗೆ. ಮೂರನೆಯದು ಎರಡೂ ಸೇರಿ, ಬೇರೆ ಸಂಖ್ಯೆಯಿಂದ ಶುರು. ನಡುನಡುವೆ ಎರಡು ಮೂರು ನಿಮಿಷ ಕೂತು ದಣಿವಾರಿಸಿಕೊಳ್ಳಲಿ. ‘ನಡಿಗೆ ನೋಡಿಕೊಳ್ಳಿ’ ಎಂದಾಗಲಿ, ‘ಲೆಕ್ಕ ತಪ್ಪಬೇಡಿ’ ಎಂದಾಗಲಿ ಹೇಳುವುದಿಲ್ಲ. ಯಾವುದನ್ನು ಕೈಬಿಡುತ್ತಾರೆ ಎಂಬುದೇ ನೋಡಬೇಕಾದ್ದು.

ಒಂದು ಉದಾಹರಣೆ ಲೆಕ್ಕ: ಬರೀ ನಡಿಗೆಗೆ 10 ಸೆಕೆಂಡು, ವೇಗ ಸೆಕೆಂಡಿಗೆ 1 ಮೀಟರ್. ಲೆಕ್ಕದೊಂದಿಗೆ 12.5 ಸೆಕೆಂಡು, ವೇಗ 0.8. ನಷ್ಟ ಶೇ. 20. ಕೂತಾಗ 30 ಸೆಕೆಂಡಿಗೆ 12 ಸರಿ ಉತ್ತರ, ಅಂದರೆ ಸೆಕೆಂಡಿಗೆ 0.4. ನಡೆಯುವಾಗ ಆ 12.5 ಸೆಕೆಂಡಿನಲ್ಲಿ 3, ಅಂದರೆ 0.24. ನಷ್ಟ ಶೇ. 40. ಇವರು ಲೆಕ್ಕ ಬಿಟ್ಟು ಕಾಲನ್ನು ಉಳಿಸಿಕೊಂಡರು. ನನಗೆ ಹೆಚ್ಚು ಕಳವಳ ಆಗುವುದು ಇದರ ಉಲ್ಟಾ ಇದ್ದಾಗ, ಉತ್ತರವೆಲ್ಲ ಸರಿಯಾಗಿ ಬಂದು ಹೆಜ್ಜೆ ಓಲಾಡಿದಾಗ.

ಮಗ್ಗಿ ಹೇಳಿಸಬೇಡಿ. ಬಾಯಿಪಾಠ ಆಗಿರುವುದಕ್ಕೆ ಗಮನ ಬೇಕಿಲ್ಲ, ಅದರ ರಾಗ ಹೆಜ್ಜೆಗೆ ತಾಳವೂ ಆಗಿಬಿಡುತ್ತದೆ. ‘ಕ’ದಿಂದ ಶುರುವಾಗುವ ಪದ ಹೇಳಿಸುವುದಾದರೆ ಕಾ, ಕಿ, ಕು ಲೆಕ್ಕಕ್ಕುಂಟೋ ಇಲ್ಲವೋ ಮೊದಲೇ ತಿಳಿಸಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರು ಯಾವ ಭಾಷೆಯಲ್ಲಿ ಎಣಿಸಲು ಒಗ್ಗಿದ್ದಾರೋ ಅದರಲ್ಲೇ ಎಣಿಸಲಿ, ಮುಂದಿನ ಸಲವೂ ಅದೇ. ಎಂ.ಎಸ್.ನಿಂದ ನಾಲಿಗೆ ತೊದಲುವವರಿಗೆ ಮಾತೇ ಶ್ರಮ. ಅವರಿಗೆ ಪದಗಳ ಪಟ್ಟಿ ಓದಿ, ‘ಮಳೆ’ ಎಷ್ಟು ಸಲ ಬಂತು ಎಂದು ಕೊನೆಯಲ್ಲಿ ಕೇಳುತ್ತೇನೆ.

ಪರೀಕ್ಷೆಯುದ್ದಕ್ಕೂ, ಎಡವಿದರೆ ನಾವು ಹಿಡಿದುಕೊಳ್ಳಲು, ಅವರ ಸೊಂಟಕ್ಕೆ ಬೆಲ್ಟ್ ಇರಬೇಕು. ಬಲ ಕಡಿಮೆ ಇರುವ ಕಾಲಿನ ಬದಿಗೆ ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಮುಂದೆ ನಡೆದರೆ ನಮ್ಮ ವೇಗಕ್ಕೆ ಅವರು ಹೊಂದಿಕೊಳ್ಳುತ್ತಾರೆ. ತಿರುಗುವ ಜಾಗದಲ್ಲಿ ಕಣ್ಣು ತೆಗೆಯಬಾರದು. ಮೊಬೈಲನ್ನು ಮೊಣಕಾಲೆತ್ತರದಲ್ಲಿ ಇಟ್ಟು ಚಿತ್ರೀಕರಿಸಿದರೆ ಪಾದದ ತುದಿ ನೆಲ ಕೆರೆಯುವುದು ಗೊತ್ತಾಗುತ್ತದೆ. ಬೇಸಿಗೆ ಮಧ್ಯಾಹ್ನ ಬೇಡ: ಮೈ ಬಿಸಿಯಾದರೆ ಲಕ್ಷಣಗಳು ಹೆಚ್ಚುತ್ತವೆ. ಮೈ ದಣಿಸಿದಾಗ ಇವರ ದೃಷ್ಟಿ ಸ್ವಲ್ಪ ಹೊತ್ತು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊತೋಫ್ 1890ರಲ್ಲೇ ಬರೆದಿಟ್ಟಿದ್ದಾರೆ.

ಅಭ್ಯಾಸವನ್ನು ನಿಂತಲ್ಲೇ ಲೆಕ್ಕ ಹೇಳುವುದರಿಂದ ಶುರು ಮಾಡಿ, ಸಮನೆಲದ ನಡಿಗೆ, ಆಮೇಲೆ ತಿರುಗುವುದು, ಕೊನೆಗೆ ಇಳಿಜಾರು. ಲೆಕ್ಕ ಕಷ್ಟ ಮಾಡಿದ ದಿನ ನೆಲ ಸುಲಭ ಇರಲಿ. ಒಂದು ಸುತ್ತು ಹೆಜ್ಜೆಗೆ ಗಮನ, ಮುಂದಿನ ಸುತ್ತು ಉತ್ತರಕ್ಕೆ ಗಮನ. ಹೀಗೆ ಬದಲಿಸಿದರೆ ಯಾವಾಗ ಯಾವುದನ್ನು ಬಿಡಬೇಕೆಂಬುದು ಅವರ ಹಿಡಿತಕ್ಕೆ ಬರುತ್ತದೆ. ವಾರಕ್ಕೆ ಎರಡು ಮೂರು ದಿನ, 20 ನಿಮಿಷ ಸಾಕು. ಪಾದ ಎಳೆಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಲೆಕ್ಕದಲ್ಲಿ ಗಳಿಸಿದ್ದು ತಟ್ಟೆ ಹಿಡಿದು ನಡೆಯುವಾಗ ತಾನಾಗಿ ಬಂದೀತೆಂದು ನಂಬಬಾರದು, ತಟ್ಟೆ ಹಿಡಿಸಿಯೇ ಅಭ್ಯಾಸ ಮಾಡಿಸಬೇಕು.

ಮನೆಯವರಿಗೆ ನಾನು ಹೇಳುವುದು: ಮೆಟ್ಟಿಲಲ್ಲಿ, ಇಳಿಜಾರಿನಲ್ಲಿ ಅವರನ್ನು ಮಾತಾಡಿಸಬೇಡಿ. ಕೇಳುವುದೇನಾದರೂ ಇದ್ದರೆ ‘ಅಕ್ಕಾ, ಒಂದ್ನಿಮಿಷ ನಿಲ್ಲಿ’ ಅಂದು ನಿಂತ ಮೇಲೆ ಕೇಳಿ. ಮಳೆಗಾಲಕ್ಕೆ ಕೊಡೆಗಿಂತ ರೇನ್‌ಕೋಟ್ ಒಳ್ಳೆಯದು, ಒಂದು ಕೈಗೆ ಊರುಗೋಲು, ಇನ್ನೊಂದು ಕೈ ಆಸರೆಗೆ ಖಾಲಿ ಉಳಿಯುತ್ತದೆ. ಊರುಗೋಲಿನ ರಬ್ಬರ್ ಸವೆದಿದ್ದರೆ ಜೂನಿಗೆ ಮುಂಚೆ ಬದಲಾಯಿಸಿ.

ಆರು ವಾರದ ಮೇಲೆ ಅದೇ ಜಾಗ, ಅದೇ ಚಪ್ಪಲಿ, ಅದೇ ಹೊತ್ತಿಗೆ ಮತ್ತೆ ಅಳೆಯುತ್ತೇನೆ. ಆ ನಡುವೆ ನಡಿಗೆ ಇದ್ದಕ್ಕಿದ್ದಂತೆ ಕೆಟ್ಟು 24 ಗಂಟೆ ದಾಟಿದರೂ ಸುಧಾರಿಸದಿದ್ದರೆ ಅಭ್ಯಾಸ ಬಂದ್. ಜ್ವರ, ಉರಿಮೂತ್ರ ಇದೆಯೇ ಕೇಳಿ, ಸೋಂಕಿನಿಂದಲೂ ಹಾಗಾಗುತ್ತದೆ. ಇದ್ದರೂ ಇಲ್ಲದಿದ್ದರೂ ಅಂದೇ ನರರೋಗ ತಜ್ಞರಿಗೆ ತಿಳಿಸಬೇಕು.