ಎನರ್ಜಿ ಡ್ರಿಂಕ್ ಡಬ್ಬಿಯ ಸಣ್ಣಕ್ಷರ ಒಮ್ಮೆ ಓದಿ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ರಾತ್ರಿ ಓದೋಕೆ ಅಂತ ಎನರ್ಜಿ ಡ್ರಿಂಕ್ ತರುತ್ತೀರಲ್ಲ, ಅದರಲ್ಲಿ ಕೆಲಸ ಮಾಡುವುದು ಕಾಫಿ, ಚಹಾದಲ್ಲೂ ಇರುವ ಕೆಫೀನ್ ಮತ್ತು ಸಕ್ಕರೆ. 250 ಎಂಎಲ್ ರೆಡ್ ಬುಲ್ ಡಬ್ಬಿಯಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ಸಕ್ಕರೆ ಸುಮಾರು 27 ಗ್ರಾಂ, ಅಂದರೆ ಹತ್ತಿರಹತ್ತಿರ ಏಳು ಟೀ ಚಮಚ! ಟೌರಿನ್, ಬಿ ವಿಟಮಿನ್ ಅಂತ ಬರೆದಿರುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರೊಟ್ಟಿ, ಕಾಳುಪಲ್ಯ, ಮೊಸರು ಸರಿಯಾಗಿ ಉಣ್ಣುವವರಿಗೆ ಅದರಿಂದ ಹೊಸದಾಗಿ ಸಿಗುವುದು ಅಷ್ಟಕ್ಕಷ್ಟೇ.

ಕೆಫೀನ್ ದಣಿವನ್ನು ಕಳೆಯುವುದಿಲ್ಲ, ಮುಚ್ಚಿಡುತ್ತದೆ. ದಣಿದಿದ್ದೀಯ ಅಂತ ಮಿದುಳಿಗೆ ಹೇಳುವುದು ಅಡೆನೋಸಿನ್. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ಐದಾರು ಗಂಟೆ ಕಳೆದರೂ ಸುಮಾರು ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ರಾತ್ರಿ ಹತ್ತಕ್ಕೆ ಕುಡಿದು, ಮೂರಕ್ಕೆ ನಿದ್ದೆ ಬರ್ತಿಲ್ಲ ಅಂದರೆ ಹೇಗೆ? ನಿದ್ದೆಗೆಟ್ಟು ಓದಿದ್ದು ತಲೆಯಲ್ಲೂ ನಿಲ್ಲಲ್ಲ. ಬೇಕೇ ಬೇಕು ಅಂದರೆ ಮಧ್ಯಾಹ್ನದೊಳಗೆ ಕುಡಿಯಿರಿ, ಆವತ್ತು ಚಹಾ ಕಡಿಮೆ ಮಾಡಿ.

ಪೊಲೀಸ್ ಫಿಸಿಕಲ್‌ಗೆ ಓಡುವವರು ಬೆವರಿಳಿಸಿ ಬಂದು ಸುಮ್ನೆ ಇದನ್ನು ಗಟಗಟ ಕುಡಿಯಬೇಡಿ. ಬೆವರಲ್ಲಿ ಹೋದದ್ದು ನೀರು, ಉಪ್ಪು. ಉಪ್ಪು ಹಾಕಿದ ಮಜ್ಜಿಗೆ ಸಾಕು, ದುಡ್ಡೂ ಉಳಿಯುತ್ತದೆ.

ದಿನಕ್ಕೆ 500 ಎಂಎಲ್ ಮೀರಬಾರದು ಅಂತ ಡಬ್ಬಿಯ ಮೇಲೇ ಇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡ ಅಂತಲೂ ಇರುತ್ತದೆ. ಬಿಪಿ ಇದ್ದವರು, ಕುಡಿದರೆ ಎದೆ ಡವಡವ ಅನ್ನುವವರು ಮುಟ್ಟಲೇಬೇಡಿ.