ನೂರು ವಿಂಡೋಸ್ ಸರ್ವರ್‌ಗಳಿಗೆ ಆಕ್ಟೋಪಸ್ ಟೆಂಟಕಲ್: ಒಂದೇ ಸ್ಕ್ರಿಪ್ಟ್‌ನಲ್ಲಿ ಹಾಕುವ ಬಗೆ

ಸಾಫ್ಟ್‌ವೇರ್‌ನ ಹೊಸ ಆವೃತ್ತಿಗಳನ್ನು ಸರ್ವರ್‌ಗಳಿಗೆ ತಲುಪಿಸುವ ಆಕ್ಟೋಪಸ್ ಡಿಪ್ಲಾಯ್ ಬಳಸುವ ಕಡೆ ವಿಂಡೋಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಟೆಂಟಕಲ್ ಎಂಬ ಏಜೆಂಟ್ ಹಾಕಬೇಕಾಗುತ್ತದೆ. ಐದು ಸರ್ವರ್ ಇದ್ದರೆ ಒಂದೊಂದಕ್ಕೂ ಲಾಗಿನ್ ಆಗಿ ನೆಕ್ಸ್ಟ್ ಒತ್ತುತ್ತಾ ಹೋದರೂ ನಡೆದೀತು. ನೂರಾದಾಗ ಹಾಗೆ ಮಾಡಲು ಹೋದರೆ, ಎಲ್ಲೋ ಒಂದು ಟೆಸ್ಟ್ ಸರ್ವರ್ ಪ್ರೊಡಕ್ಷನ್ ಪಟ್ಟಿಗೆ ಸೇರಿಬಿಡುತ್ತದೆ. ಎಂಎಸ್ಐ ಫೈಲ್ (ವಿಂಡೋಸ್‌ನ ಇನ್‌ಸ್ಟಾಲರ್ ಫೈಲ್) ಇನ್‌ಸ್ಟಾಲ್ ಮಾಡುವುದು ಈ ಕೆಲಸದ ಸುಲಭದ ಭಾಗ. ಪ್ರತಿ ಯಂತ್ರಕ್ಕೂ ಅದರದೇ ಸರ್ಟಿಫಿಕೇಟ್ ಕೊಟ್ಟು, ಸರ್ವರ್ ಜತೆ ಪರಸ್ಪರ ನಂಬಿಕೆ ಬೆಸೆಯುವಲ್ಲೇ ಹೆಚ್ಚಿನ ಸ್ಕ್ರಿಪ್ಟ್‌ಗಳು ಮುಗ್ಗರಿಸುವುದು.

ಮೊದಲು ಸಂಪರ್ಕದ ದಿಕ್ಕು ತೀರ್ಮಾನಿಸಿ. ಲಿಸನಿಂಗ್ ಬಗೆಯಲ್ಲಿ ಆಕ್ಟೋಪಸ್ ಸರ್ವರ್ ತಾನೇ ಟೆಂಟಕಲ್‌ನ 10933 ಪೋರ್ಟ್‌ಗೆ ಬರುತ್ತದೆ. ಪೋಲಿಂಗ್ ಬಗೆಯಲ್ಲಿ ಟೆಂಟಕಲ್ ಹೊರಗೆ ಹೋಗಿ ಸರ್ವರ್‌ನ 10943 ಪೋರ್ಟ್ ತಟ್ಟುತ್ತದೆ. ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಲಿಸನಿಂಗ್ ಸಾಕು, ದೋಷ ಹುಡುಕುವುದೂ ಅದರಲ್ಲಿ ಸುಲಭ. ಒಳಬರುವ ಪೋರ್ಟ್ ತೆರೆಯಲು ಸಾಧ್ಯವೇ ಇಲ್ಲದ ಶಾಖಾ ಕಚೇರಿಗಳಿಗೆ ಪೋಲಿಂಗ್ ಇರಲಿ. ಹಲವರು ಮರೆಯುವ ಒಂದು ವಿಷಯವಿದೆ. ಟೆಂಟಕಲ್ ತನ್ನನ್ನು ತಾನೇ ನೋಂದಾಯಿಸಿಕೊಳ್ಳಬೇಕಾದರೆ, ಲಿಸನಿಂಗ್ ಆದರೂ ಸರಿಯೇ, ಆ ಯಂತ್ರದಿಂದ ಆಕ್ಟೋಪಸ್‌ನ ವೆಬ್ ಪೋರ್ಟ್‌ಗೆ, ಅಂದರೆ ಸಾಮಾನ್ಯವಾಗಿ 443ಕ್ಕೆ, ದಾರಿ ಇರಲೇಬೇಕು. ಅದಿಲ್ಲದಿದ್ದರೆ ಟೆಂಟಕಲ್‌ನ ಥಂಬ್‌ಪ್ರಿಂಟ್ (ಸರ್ಟಿಫಿಕೇಟನ್ನು ಗುರುತಿಸುವ ಚಿಕ್ಕ ಸಂಕೇತ) ತೆಗೆದುಕೊಂಡು, ನಿಮ್ಮ ಮುಖ್ಯ ಯಂತ್ರದಿಂದಲೇ ಎಪಿಐ (ಸ್ಕ್ರಿಪ್ಟ್‌ಗಳು ಆಕ್ಟೋಪಸ್ ಜತೆ ಮಾತಾಡುವ ದಾರಿ) ಮೂಲಕ ನೋಂದಾಯಿಸಿ.

ಕೈಯಲ್ಲಿ ಇರಬೇಕಾದವು: ಎಂಎಸ್ಐ ಫೈಲ್, ಆಕ್ಟೋಪಸ್ ಸರ್ವರ್‌ನ ಥಂಬ್‌ಪ್ರಿಂಟ್, ಎಪಿಐ ಕೀ, ಮತ್ತು ಯಂತ್ರದ ಹೆಸರು, ಎನ್ವಿರಾನ್‌ಮೆಂಟ್ (ಟೆಸ್ಟ್, ಪ್ರೊಡಕ್ಷನ್‌ನಂಥ ಗುಂಪು), ರೋಲ್ (ಯಂತ್ರದ ಕೆಲಸ ಸೂಚಿಸುವ ಗುರುತು, ಹೊಸ ಆವೃತ್ತಿಗಳಲ್ಲಿ ಟಾರ್ಗೆಟ್ ಟ್ಯಾಗ್) ಈ ಮೂರು ಕಾಲಂಗಳ ಒಂದು ಸಿಎಸ್‌ವಿ ಪಟ್ಟಿ. ಪಟ್ಟಿಯನ್ನು ಇನ್ನೊಬ್ಬರಿಂದ ಓದಿಸಿ. ಸ್ಕ್ರಿಪ್ಟ್ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯ ತಪ್ಪನ್ನು ಅದು ಹಿಡಿಯದು. ಎಪಿಐ ಕೀಯನ್ನು ನಿಮ್ಮ ಸ್ವಂತ ಖಾತೆಯಲ್ಲಿ ಮಾಡಬೇಡಿ. ಯಂತ್ರ ಸೇರಿಸುವ, ತಿದ್ದುವ ಅನುಮತಿಯಷ್ಟೇ ಇರುವ ಸರ್ವಿಸ್ ಅಕೌಂಟ್ ತೆರೆದು ಅದರಲ್ಲಿ ಮಾಡಿ, ಕೆಲಸ ಮುಗಿದ ದಿನವೇ ಕೀ ರದ್ದು ಮಾಡಿ. ಕಮಾಂಡ್ ಲೈನ್‌ನಲ್ಲಿ ಕೊಟ್ಟ ಕೀ ಪ್ರೊಸೆಸ್ ಪಟ್ಟಿಯಲ್ಲಿ ಕಾಣುತ್ತದೆ. ಕಮಾಂಡ್ ಲೈನ್ ಆಡಿಟಿಂಗ್ ಆನ್ ಆಗಿದ್ದರೆ ಸೆಕ್ಯುರಿಟಿ ಲಾಗ್‌ನ 4688ನೇ ಈವೆಂಟ್‌ನಲ್ಲೂ ಉಳಿದುಬಿಡುತ್ತದೆ.

ಫೈಲ್ ತಲುಪಿಸಲು ಪವರ್‌ಶೆಲ್ ರಿಮೋಟಿಂಗ್ (ದೂರದ ಯಂತ್ರದಲ್ಲಿ ಕಮಾಂಡ್ ಓಡಿಸುವ ವಿಂಡೋಸ್ ಸೌಲಭ್ಯ) ಸಾಕು. 5985 ಪೋರ್ಟ್, ಎಚ್‌ಟಿಟಿಪಿಎಸ್ ಆದರೆ 5986. ಆದರೆ ರಿಮೋಟ್ ಸೆಷನ್‌ನ ಒಳಗಿಂದ ಇನ್ನೊಂದು ಸರ್ವರ್‌ನ ಷೇರ್ ಫೋಲ್ಡರ್ ಓದಲು ಹೋದರೆ ‘ಆಕ್ಸೆಸ್ ಡಿನೈಡ್’ ಬರುತ್ತದೆ. ಷೇರ್‌ನ ಅನುಮತಿ ಸರಿಯಾಗಿಯೇ ಇರುತ್ತದೆ. ನಿಮ್ಮ ಗುರುತು ಮೊದಲ ಯಂತ್ರದಿಂದ ಎರಡನೆಯದಕ್ಕೆ ದಾಟಿರುವುದಿಲ್ಲ, ಅಷ್ಟೇ. ಇದಕ್ಕೆ ಡಬಲ್ ಹಾಪ್ ಎನ್ನುತ್ತಾರೆ. ಸೆಷನ್ ತೆರೆದು ಅದರ ಮೂಲಕವೇ ಫೈಲ್ ಕಾಪಿ ಮಾಡಿದರೆ ತೊಂದರೆ ತಪ್ಪುತ್ತದೆ. ಗ್ರೂಪ್ ಪಾಲಿಸಿಯಿಂದ ಎಂಎಸ್ಐ ಹಂಚುವವರೂ ಇದ್ದಾರೆ. ಅದರಿಂದ ಪ್ರೋಗ್ರಾಂ ಬಂದು ಕೂರುತ್ತದೆ, ಕಾನ್ಫಿಗರ್ ಆಗುವುದಿಲ್ಲ. ಮೇಲಾಗಿ ಸರ್ವರ್ ರೀಬೂಟ್ ಆಗುವವರೆಗೆ ಕಾಯಬೇಕು.

ಇನ್‌ಸ್ಟಾಲರ್ ಅನ್ನು ಕ್ವಯಟ್ (ಏನನ್ನೂ ಕೇಳದೆ ಓಡುವ) ಆಯ್ಕೆ ಹಾಗೂ ಲಾಗ್ ಫೈಲ್ ಜತೆ ಓಡಿಸಿ. ಪವರ್‌ಶೆಲ್‌ನಲ್ಲಿ ಎಂಎಸ್ಐ-ಎಕ್ಸೆಕ್ ಅನ್ನು ನೇರವಾಗಿ ಕರೆದರೆ ಅದು ಮುಗಿಯುವ ಮೊದಲೇ ಮುಂದಿನ ಸಾಲು ಓಡತೊಡಗುತ್ತದೆ, ಆಗ ‘ಟೆಂಟಕಲ್ ಸಿಗಲಿಲ್ಲ’ ಎಂಬ ಎರರ್. ಸ್ಟಾರ್ಟ್-ಪ್ರೊಸೆಸ್‌ಗೆ ವೇಟ್ ಮತ್ತು ಪಾಸ್-ಥ್ರೂ ಸೇರಿಸಿ, ಎಕ್ಸಿಟ್ ಕೋಡ್ ನೋಡಿ. 0 ಬಂದರೆ ಸರಿ. 3010 ಕೂಡ ಯಶಸ್ಸೇ, ರೀಬೂಟ್ ಬಾಕಿ ಇದೆ ಎಂದರ್ಥ. 1618 ಬಂದರೆ ಬೇರೊಂದು ಇನ್‌ಸ್ಟಾಲ್ ನಡೆಯುತ್ತಿದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. 1603 ಬಂದಾಗ ಮಾತ್ರ ಲಾಗ್ ತೆರೆಯಲೇಬೇಕು.

ಮುಂದಿನದು ಟೆಂಟಕಲ್‌ನದೇ ಕಮಾಂಡ್‌ಗಳು, ಇದೇ ಕ್ರಮದಲ್ಲಿ: ಕ್ರಿಯೇಟ್-ಇನ್‌ಸ್ಟನ್ಸ್, ನ್ಯೂ-ಸರ್ಟಿಫಿಕೇಟ್, ಹೋಮ್ ಫೋಲ್ಡರ್ ಹಾಗೂ ಪೋರ್ಟ್ ತಿಳಿಸುವ ಕಾನ್ಫಿಗರ್, ಸರ್ವರ್ ಥಂಬ್‌ಪ್ರಿಂಟ್ ನಂಬಿಸುವ ಕಾನ್ಫಿಗರ್, ವಿಂಡೋಸ್ ಫೈರ್‌ವಾಲ್‌ನಲ್ಲಿ 10933ಕ್ಕೆ ಒಳಬರುವ ರೂಲ್ (ಲಿಸನಿಂಗ್ ಆದರೆ ಮಾತ್ರ, ಇದೊಂದು ವಿಂಡೋಸ್‌ನ ಕಮಾಂಡ್), ರಿಜಿಸ್ಟರ್-ವಿತ್, ಕೊನೆಗೆ ಸರ್ವಿಸ್ ಇನ್‌ಸ್ಟಾಲ್ ಮತ್ತು ಸ್ಟಾರ್ಟ್. ಇವು ಎಕ್ಸಿಕ್ಯೂಟಬಲ್ ಆದ್ದರಿಂದ ಸೋತರೂ ಟ್ರೈ-ಕ್ಯಾಚ್‌ಗೆ ಸಿಗುವುದಿಲ್ಲ. ಪ್ರತಿ ಕಮಾಂಡ್ ಆದಮೇಲೆ ಲಾಸ್ಟ್-ಎಕ್ಸಿಟ್-ಕೋಡ್ ನೋಡಿ, ಸೊನ್ನೆ ಅಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಇದೇ ಸ್ಕ್ರಿಪ್ಟ್ ಎರಡನೇ ಸಲ ಓಡುವುದಂತೂ ಖಂಡಿತ, ಏಕೆಂದರೆ ಮೊದಲ ಸುತ್ತಿನಲ್ಲಿ ಕೆಲವು ಯಂತ್ರಗಳು ಆಫ್ ಆಗಿರುತ್ತವೆ. ಅದಕ್ಕೇ ನ್ಯೂ-ಸರ್ಟಿಫಿಕೇಟ್ ಜತೆ ಇಫ್-ಬ್ಲ್ಯಾಂಕ್ ಆಯ್ಕೆ ಕೊಡಲೇಬೇಕು. ಕೊಡದಿದ್ದರೆ ಹಳೆಯ ಸರ್ಟಿಫಿಕೇಟ್ ಅಳಿದು ಹೊಸದು ಬರುತ್ತದೆ, ಸರ್ವರ್ ಬಳಿ ಹಳೆಯ ಥಂಬ್‌ಪ್ರಿಂಟ್ ಉಳಿದಿರುತ್ತದೆ, ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ಇಂದು ಸಂಪರ್ಕಕ್ಕೆ ಸಿಗುವುದಿಲ್ಲ. ರಿಜಿಸ್ಟರ್-ವಿತ್‌ನ ಫೋರ್ಸ್ ಆಯ್ಕೆಯಲ್ಲೂ ಎಚ್ಚರ: ಅದೇ ಹೆಸರಿನ ಯಂತ್ರ ಮೊದಲೇ ಇದ್ದರೆ ಅದರ ವಿವರಗಳ ಮೇಲೆಯೇ ಬರೆದುಬಿಡುತ್ತದೆ.

ಸಿದ್ಧ ಇಮೇಜ್‌ನಿಂದ ಯಂತ್ರ ಎಬ್ಬಿಸುವವರು ಇಮೇಜ್‌ನಲ್ಲಿ ಎಂಎಸ್ಐ ಮಾತ್ರ ಹಾಕಿಡಿ. ಇನ್‌ಸ್ಟನ್ಸ್ ಮತ್ತು ಸರ್ಟಿಫಿಕೇಟ್ ಮೊದಲ ಬೂಟ್‌ನಲ್ಲಿ ಹುಟ್ಟಲಿ. ಕಾನ್ಫಿಗರ್ ಆದ ಟೆಂಟಕಲ್ ಅನ್ನೇ ಕ್ಲೋನ್ ಮಾಡಿದರೆ ಎಲ್ಲ ಯಂತ್ರಕ್ಕೂ ಒಂದೇ ಗುರುತು. ಅದರಲ್ಲೂ ಪೋಲಿಂಗ್ ಆದರೆ, ಒಂದಕ್ಕೆಂದು ಕಳಿಸಿದ ಕೆಲಸವನ್ನು ಇನ್ನೊಂದು ಎತ್ತಿಕೊಂಡು ಹೋಗುತ್ತದೆ. ಪ್ರೊಡಕ್ಷನ್‌ನಲ್ಲಿ ಇದಕ್ಕಿಂತ ಅಪಾಯಕಾರಿ ತಪ್ಪು ಬೇರಿಲ್ಲ. ಹೊರಹೋಗುವ ಟ್ರಾಫಿಕ್ ಬಿಚ್ಚಿ ನೋಡುವ ಪ್ರಾಕ್ಸಿ ಇದ್ದರೂ ಪೋಲಿಂಗ್ ಮುರಿಯುತ್ತದೆ: ನಡುವೆ ಸರ್ಟಿಫಿಕೇಟ್ ಬದಲಾದಾಗ ಥಂಬ್‌ಪ್ರಿಂಟ್ ಹೊಂದುವುದಿಲ್ಲ. ನೆಟ್‌ವರ್ಕ್ ತಂಡದಿಂದ ಆ ವಿಳಾಸಕ್ಕೆ ವಿನಾಯಿತಿ ಕೇಳಿ.

ಮೊದಲು ಒಂದು ಯಂತ್ರ, ಆಮೇಲೆ ಐದು, ಆಮೇಲೆ ಇಪ್ಪತ್ತರ ಗುಂಪುಗಳು. ಇನ್ವೋಕ್-ಕಮಾಂಡ್ ತಾನಾಗಿಯೇ 32 ಯಂತ್ರಗಳಲ್ಲಿ ಒಟ್ಟಿಗೆ ಓಡುತ್ತದೆ, ಮೊದಲ ಸುತ್ತಿಗೆ ಅದು ಹೆಚ್ಚು; ಥ್ರಾಟಲ್ ಮಿತಿ ಇಳಿಸಿ. ಲಿಸನಿಂಗ್ ಟೆಂಟಕಲ್ ಆದರೆ, ಆಕ್ಟೋಪಸ್ ಸರ್ವರ್‌ನ ಬ್ರೌಸರ್‌ನಲ್ಲಿ ಆ ಯಂತ್ರದ 10933 ಪೋರ್ಟ್ ಅನ್ನು ಎಚ್‌ಟಿಟಿಪಿಎಸ್‌ನಲ್ಲಿ ತೆರೆದರೆ, ಸರ್ಟಿಫಿಕೇಟ್ ಎಚ್ಚರಿಕೆ ದಾಟಿದ ಮೇಲೆ ಟೆಂಟಕಲ್‌ನ ಪುಟ ಕಾಣಬೇಕು. ಪುಟ ಬಂದೂ ಹೆಲ್ತ್ ಚೆಕ್ (ಸರ್ವರ್ ಟೆಂಟಕಲ್ ಅನ್ನು ತಲುಪುತ್ತಿದೆಯೇ ಎಂದು ಆಕ್ಟೋಪಸ್ ಮಾಡುವ ಪರೀಕ್ಷೆ) ಸೋತರೆ ಥಂಬ್‌ಪ್ರಿಂಟ್ ನೋಡಿ. ಪುಟವೇ ಬಾರದಿದ್ದರೆ ಸರ್ವಿಸ್ ಓಡುತ್ತಿದೆಯೇ ನೋಡಿ, ಆಮೇಲೆ ಫೈರ್‌ವಾಲ್. ಹೆಲ್ತ್ ಚೆಕ್ ಹಸಿರಾದ ಯಂತ್ರಗಳನ್ನು ಸಿಎಸ್‌ವಿ ಪಟ್ಟಿಯ ಜತೆ ಸಾಲುಸಾಲಾಗಿ ತಾಳೆ ನೋಡಿ. ಮುಂದಿನ ಆವೃತ್ತಿಗಳಿಗೆ ಈ ಸ್ಕ್ರಿಪ್ಟ್ ಬೇಕಿಲ್ಲ. ಮೆಷಿನ್ ಪಾಲಿಸಿಯಲ್ಲಿ ಹೇಳಿಟ್ಟರೆ ಆಕ್ಟೋಪಸ್ ಸರ್ವರೇ ಟೆಂಟಕಲ್‌ಗಳನ್ನು ಅಪ್‌ಗ್ರೇಡ್ ಮಾಡುತ್ತದೆ.